ಆಯಾಳ ಕಣ್ಣಿಗೆ ನಾವು ಹಾಕಿದ ಘಾಟು

ಹೋದ ತಿಂಗಳು ನಂಜನಗೂಡಿನ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಒಂದು ಮಗುವಿನ ಮೊದಲ ಹುಟ್ಟುಹಬ್ಬ ಇತ್ತು. ನೆಂಟರೆಲ್ಲ ಹೋದ ಮೇಲೆ ಮಗುವಿನ ಅಜ್ಜಿ ಒಣಮೆಣಸಿನಕಾಯಿ, ಕಲ್ಲುಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದರು. ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಇಳಿದು ನನ್ನ ಗಂಟಲಿಗೆ ಬಂತು. ಮೆಟ್ಟಿಲು ಹತ್ತಿ ಹೋದವಳೇ ಕೆಂಡದ ಬಾಣಲೆಯನ್ನು ಒದ್ದೆ. ಟೈಲ್ಸ್ ಮೇಲೆಲ್ಲ ಕೆಂಡ ಚೆಲ್ಲಿತು, ಮಗು ಕಿರುಚಿತು, ಅಜ್ಜಿ "ನಿಮಗೇನ್ರೀ ಬಂತು?" ಎಂದು ಕೂಗಿದರು. ಏನು ಬಂತು ಎಂದು ಹೇಳಲಿ... ಹೆಬ್ಬೆರಳು ಸುಟ್ಟಿತ್ತು. ಸುಡಲಿ ಅಂದುಕೊಂಡು ಇಳಿದು ಬಂದೆ.

ನನ್ನನ್ನು ಮದುವೆ ಮಾಡಿ ಕೊಟ್ಟಿದ್ದು ಟಿ. ನರಸೀಪುರದಿಂದ ಸೋಮನಾಥಪುರಕ್ಕೆ ಹೋಗುವ ದಾರಿಯಲ್ಲಿನ ಒಂದು ಊರಿಗೆ. ಅಲ್ಲಿನ ಅಂಗನವಾಡಿಯಲ್ಲಿ ಅಡುಗೆ ಮಾಡಿ ಮಕ್ಕಳಿಗೆ ಬಡಿಸುತ್ತಿದ್ದ ಹೆಂಗಸೊಬ್ಬಳಿದ್ದಳು. ಇಡೀ ಊರಿಗೆ ಆಕೆ ಆಯಾ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಜೋರು ಬಾಯಿ, ಕೆಲಸವೂ ಅಷ್ಟೇ ಜೋರು. ನನ್ನ ಮಗಳು ಮನೆಯಲ್ಲಿ ಮುಟ್ಟದ ಸೊಪ್ಪಿನ ಸಾರನ್ನು ಆಯಾಳ ಕೈಯಲ್ಲಿ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದಳು. ನನಗೆ ಅದಕ್ಕೇ ಸ್ವಲ್ಪ ಹೊಟ್ಟೆಯುರಿ ಇತ್ತು. ಇದನ್ನು ಈಗಾದರೂ ಒಪ್ಪಿಕೊಳ್ಳಬೇಕು.

ಒಂದು ವರ್ಷ ಆಕೆ ಇದ್ದಕ್ಕಿದ್ದಂತೆ ಸೊರಗಿ ಇಳಿದು ಹೋದಳು. ಕೈ ನಡುಗುತ್ತಿತ್ತು, ಸುಮ್ಮನೆ ಕೂತರೂ ಬೆವರುತ್ತಿದ್ದಳು. ಆಮೇಲೆ ಕಣ್ಣುಗಳು ಮುಂದಕ್ಕೆ ಬಂದವು. ರೆಪ್ಪೆ ಮೇಲಕ್ಕೆ ಸರಿದು ಕರಿಗುಡ್ಡೆಯ ಸುತ್ತ ಬಿಳಿ ಕಾಣುತ್ತಿತ್ತು. ಆಕೆ ನಗುತ್ತಿದ್ದರೂ ಎದುರಿನವರಿಗೆ ದುರುಗುಟ್ಟಿ ನೋಡಿದ ಹಾಗೆ ಕಾಣುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಥೈರಾಯ್ಡ್ ಎಂದರು. ಇಂಗ್ಲಿಷಿನಲ್ಲಿದ್ದ ಆ ಚೀಟಿಯನ್ನು ಊರಿನಲ್ಲಿ ಆಕೆಗೆ ಓದಿ ಹೇಳಿದವಳು ಪಿಯುಸಿ ಓದಿದ ನಾನೇ. ಕಣ್ಣು ಉಬ್ಬಿರುವುದು ಆ ಕಾಯಿಲೆಯಿಂದ, ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಧೂಳು ಹೊಗೆ ತಾಗಬಾರದು, ರೆಪ್ಪೆ ಸರಿಮಾಡಲು ಒಂದು ಆಪರೇಷನ್ ಮಾಡುತ್ತಾರೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದ್ದೆ. ಗೊತ್ತಿರಲಿಲ್ಲ ಎನ್ನುವ ನೆಪ ಊರಿನ ಬೇರೆ ಯಾರಿಗಾದರೂ ಇರಬಹುದು, ನನಗಿಲ್ಲ.

"ಆಪರೇಸನ್ ಆಗೋಗಂಟ ಕೆಲ್ಸ ಒಂದ್ ಉಳ್ಕಂಡ್ರೆ ಸಾಕು ಕಣವ್ವ" ಎಂದಿದ್ದಳು. ಉಳಿಸಿಕೊಳ್ಳಲು ಆಕೆ ಪಟ್ಟ ಪಾಡು ಒಂದೆರಡಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಕರಿ ಕನ್ನಡಕ ಹಾಕಿಕೊಂಡೇ ಒಲೆಯ ಮುಂದೆ ನಿಲ್ಲುತ್ತಿದ್ದಳು. ಗಂಡಸರು ಹೀರೋಯಿನ್ ಬಂದಳು ಎಂದು ಸೀಟಿ ಹೊಡೆದರೆ ಬೈದು ಅಟ್ಟುತ್ತಿದ್ದಳು. ಗಂಟೆಗೊಮ್ಮೆ ಡ್ರಾಪ್ಸ್ ಬಿಟ್ಟುಕೊಳ್ಳುತ್ತಿದ್ದಳು. ಮಲಗುವಾಗ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಒಂದು ವಸ್ತು ಎರಡಾಗಿ ಕಾಣುತ್ತಿದ್ದುದರಿಂದ ಸಾರು ತಟ್ಟೆಯ ಪಕ್ಕ ನೆಲಕ್ಕೆ ಬೀಳುತ್ತಿತ್ತು. ಅದಕ್ಕೆ ಎಡಗೈ ಹೆಬ್ಬೆರಳನ್ನು ತಟ್ಟೆಯ ಅಂಚಿನೊಳಗೆ ಇಟ್ಟು, ಅದರ ಗುರುತಿನ ಮೇಲೆ ಬಿಸಿ ಸಾರು ಬಡಿಸುತ್ತಿದ್ದಳು. ಆ ಬೆರಳು ಯಾವಾಗಲೂ ಕೆಂಪಗೆ ಬೆಂದಿರುತ್ತಿತ್ತು. ಮೊಟ್ಟೆ ಹಂಚುವ ದಿನ ಹದಿನಾಲ್ಕು ಮಕ್ಕಳು ಇಪ್ಪತ್ತೆಂಟಾಗಿ ಕಾಣುತ್ತಾರಲ್ಲ, ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದಳು.

ಮುಳುವಾದದ್ದು ಅದೇ. ಮಕ್ಕಳನ್ನು ಎಣಿಸಬಾರದು ಎನ್ನುವ ಊರು ನಮ್ಮದು. ಇನ್ನು ಮಕ್ಕಳಿಲ್ಲದವಳು, ಅಂಥ ಕಣ್ಣಿನವಳು, ಊಟಕ್ಕೆ ಕೂತ ಮಕ್ಕಳ ತಲೆ ಮುಟ್ಟಿ ಎಣಿಸಿದರೆ ಸುಮ್ಮನೆ ಬಿಡುತ್ತದೆಯೇ? ಎಣಿಸಿದ ಒಂದು ಮಧ್ಯಾಹ್ನ ನನ್ನ ಮಗಳಿಗೆ ಜ್ವರ ಏರಿ ಫಿಟ್ಸ್ ಬಂತು. ನರಸೀಪುರದ ಡಾಕ್ಟರು ಜ್ವರ ಇಳಿಸಿ, ಚಿಕ್ಕ ಮಕ್ಕಳಲ್ಲಿ ಹೀಗಾಗುತ್ತದೆ, ಹೆದರಬೇಡಿ ಎಂದು ಕಳಿಸಿದರು. ಮನೆಗೆ ಬಂದರೆ ಅತ್ತೆ ಮೆಣಸಿನಕಾಯಿ ಹಿಡಿದು ನಿಂತಿದ್ದರು. ನಿವಾಳಿಸಿ ಒಲೆಗೆ ಹಾಕಿದಾಗ ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಕಣ್ಣು ಬಿದ್ದಿದೆ ಎಂಬುದು ನಮ್ಮಲ್ಲಿನ ಲೆಕ್ಕ. ಅಂದು ಘಾಟು ಬರಲಿಲ್ಲ. ಮಳೆಗೆ ತೇವ ಹಿಡಿದು ಬಣ್ಣಗೆಟ್ಟ ಹಳೇ ಮೆಣಸಿನಕಾಯಿ, ಎಲ್ಲಿಂದ ಬರಬೇಕು ಘಾಟು! ಅದೆಲ್ಲ ಆಮೇಲೆ ಹೊಳೆದದ್ದು. ಆಗ ನನ್ನ ಮೈಯೆಲ್ಲ ಉರಿದು ಹೋಯಿತು.

ಮಾರನೆಯ ಬೆಳಿಗ್ಗೆ ಹೊಸ ಮೆಣಸಿನಕಾಯಿ ಮಡಿಲಲ್ಲಿ ತುಂಬಿಕೊಂಡು, ಬಾಣಲೆಯಲ್ಲಿ ಕೆಂಡ ಹಿಡಿದು ಅಂಗನವಾಡಿಗೆ ನಡೆದೆ. ಹಿಂದೆ ಆರೇಳು ಹೆಂಗಸರು. ಟೀಚರ್ ಮೀಟಿಂಗಿಗೆ ಹೋಗಿದ್ದರು, ಮಕ್ಕಳು ಇನ್ನೂ ಬಂದಿರಲಿಲ್ಲ. ಆಯಾ ಅಕ್ಕಿ ತೊಳೆಯುತ್ತಿದ್ದಳು. ಅತ್ತೆ ಹೋದವರೇ ಜುಟ್ಟು ಹಿಡಿದರು. ಆಯಾ ಬಗ್ಗುವವಳಲ್ಲ, ಕಬ್ಬಿಣದ ಸೌಟು ತೆಗೆದು ಬೀಸಿದಳು. ಎರಡೆರಡು ಕಾಣುವವಳಿಗೆ ಗುರಿ ಎಲ್ಲಿ, ಮೊದಲ ಏಟು ಗೋಡೆಗೆ ಬಿತ್ತು. ಎರಡನೆಯದು ಅತ್ತೆಯ ಹುಬ್ಬು ಸೀಳಿತು. ರಕ್ತ ನೋಡಿದ ಮೇಲೆ ಯಾರೂ ಮನುಷ್ಯರಾಗಿ ಉಳಿಯಲಿಲ್ಲ. ಕನ್ನಡಕ ಕಿತ್ತು ತುಳಿದರು. ಆ ಸೌಟನ್ನು ಕಿತ್ತುಕೊಂಡು ಆಕೆಯ ಬೆನ್ನಿಗೆ, ಭುಜಕ್ಕೆ ಹೊಡೆದವಳು ನಾನು. ಎಷ್ಟು ಏಟು ಎಂದು ನೆನಪಿಲ್ಲ... ಕೈ ನೋಯುವವರೆಗೆ ಹೊಡೆದೆ.

ದವಸ ಇಡುವ ಕೋಣೆಗೆ ಆಕೆಯನ್ನು ನೂಕಿ, ಕೆಂಡದ ಮೇಲೆ ಮಡಿಲಿನ ಮೆಣಸಿನಕಾಯಿಯನ್ನೆಲ್ಲ ಸುರಿದು ಬಾಣಲೆಯನ್ನು ಒಳಗೆ ತಳ್ಳಿದೆವು. ನಾನು ಹೊರಗಿನಿಂದ ಬಾಗಿಲು ಎಳೆದು ಚಿಲಕ ಹಾಕಿದೆ. ಅದು ಸಡಿಲ ಚಿಲಕ, ಒಳಗಿನಿಂದ ನೂಕಿದರೆ ಜಾರುತ್ತಿತ್ತು. ಹಾಗಾಗಿ ಕೈಯಲ್ಲೇ ಒತ್ತಿ ಹಿಡಿದು ನಿಂತೆ.

ಘಾಟು ಬಂತು. ಬಾಗಿಲ ಸಂದಿನಿಂದ ಬಂದು ಎಲ್ಲರನ್ನೂ ಹಿಡಿಯಿತು. ಕೆಮ್ಮಿದೆವು, ಸೀನಿದೆವು, ಕಣ್ಣು ಮೂಗಲ್ಲಿ ನೀರು ಸುರಿಯಿತು. ನಮ್ಮದೇ ಲೆಕ್ಕದ ಪ್ರಕಾರ ಆಕೆಯ ಮೇಲೆ ಯಾವ ತಪ್ಪೂ ಇರಲಿಲ್ಲ. ಎಲ್ಲರಿಗೂ ಅದು ಗೊತ್ತಾಯಿತು. ಒಬ್ಬಳು ಕೆಮ್ಮುತ್ತಲೇ "ಘಾಟು ಬತ್ತಾ ಅದೆ ಕಣವ್ವ, ಬುಟ್ಬುಡು" ಎಂದಳು. ನಾನು ಬಿಡಲಿಲ್ಲ. ಬಿಟ್ಟರೆ ನಾನು ಹೊಡೆದದ್ದೆಲ್ಲ ತಪ್ಪು ಎಂದಾಗುತ್ತಿತ್ತು.

ಒಳಗಿನಿಂದ ಆಯಾ ಬಾಗಿಲು ಗುದ್ದುತ್ತಿದ್ದಳು. "ಪಾಪುನವ್ವಾ, ನೀನೇ ಅಲ್ವಾ ಅಲ್ಲಿರೋದು? ನೀನೇ ಓದಿ ಏಳಿದ್ದಲ್ಲವ್ವಾ! ಕಣ್ ಮುಚ್ಚಾಕಾಯ್ತಿಲ್ಲ, ತಗಿಯವ್ವಾ!"

ನನ್ನ ಕಣ್ಣು ಉರಿಯುತ್ತಿತ್ತು. ಗಟ್ಟಿಯಾಗಿ ಮುಚ್ಚಿಕೊಂಡು ನಿಂತೆ.

ಬಸ್ಸಿಳಿದು ಬಂದ ಟೀಚರ್ ನನ್ನ ಕೆನ್ನೆಗೆ ಬಾರಿಸಿ, ಪಕ್ಕಕ್ಕೆ ತಳ್ಳಿ ಬಾಗಿಲು ತೆಗೆದರು. ಆಯಾ ಅಕ್ಕಿ ಮೂಟೆಯೊಳಗೆ ಮುಖ ಹುದುಗಿಸಿ ಬಿದ್ದಿದ್ದಳು. ತಿರುಗಿಸಿದಾಗ ಆ ಕಣ್ಣುಗಳಿಗೆ ಅಕ್ಕಿಯ ಧೂಳು ಮೆತ್ತಿಕೊಂಡಿತ್ತು... ಇದಕ್ಕಿಂತ ಹೆಚ್ಚು ಬರೆಯಲಾರೆ. ಹುಣ್ಣಾಗಿ ಎಡಗಣ್ಣು ಹೋಯಿತು. ಆಪರೇಷನ್‌ಗೆ ಮೂರು ವಾರ ಬಾಕಿ ಇತ್ತು. ಪೊಲೀಸರು ಬಂದಾಗ ಒಗ್ಗರಣೆ ಸೀದು ಹೊಗೆಯಾಯಿತು ಎಂದು ಊರಿಗೆ ಊರೇ ಹೇಳಿತು, ಹೊಗೆ ಹಾಕುವಾಗ ಅಲ್ಲಿ ಇರದಿದ್ದ ಟೀಚರ್ ಮಾತು ಅದರ ಮುಂದೆ ನಿಲ್ಲಲಿಲ್ಲ. ಆಯಾ ಆಸ್ಪತ್ರೆಯಿಂದ ಊರಿಗೆ ಬರದೆ ಕವಲಂದೆಯ ಅಕ್ಕನ ಮನೆ ಸೇರಿದಳು. ಎರಡು ವರ್ಷದಲ್ಲಿ ನಾವೂ ಊರು ಬಿಟ್ಟು ನಂಜನಗೂಡಿಗೆ ಬಂದೆವು. ಕವಲಂದೆ ಇಲ್ಲಿಂದ ಒಂದು ಬಸ್ಸು. ಇಷ್ಟು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.

ಮಹಡಿಯಲ್ಲಿ ಬಾಣಲೆ ಒದ್ದ ಮರುದಿನ ಹತ್ತಿದೆ. ಕಾಲಿಗೆ ಬೀಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಆಯಾ ಇರಲಿಲ್ಲ. ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಆಕೆಯ ಅಕ್ಕ ಅದನ್ನು ಹೇಳಿದಾಗ ನನಗೆ ಅಳು ಬಂತು. ಕ್ಷಮೆ ಕೇಳಲು ಇದ್ದ ಒಬ್ಬಳೂ ಹೋದಳಲ್ಲ ಎಂಬ ಅಳು ಅದು, ಆಕೆಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಹೇಳಲಾರೆ.

ಆ ಊರಿನವಳು, ಮಗಳು ಆಯಾಳ ಕೈಯಲ್ಲಿ ಉಂಡವಳು ಎಂದಷ್ಟೇ ಹೇಳಿದ್ದೆ. ಅಕ್ಕ ಜಗಲಿಯ ಮೇಲೆ ಕೂರಿಸಿ ಟೀ ಕೊಟ್ಟರು. ಒಂದೇ ಕಣ್ಣಲ್ಲಿ ಕೊನೆಯವರೆಗೂ ಮನೆಯ ಅಡುಗೆ ಮಾಡಿದಳು, ಬೇಡ ಎಂದರೂ ಕೇಳುತ್ತಿರಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು.

"ಅವತ್ತು ಚಿಲ್ಕ ಇಡ್ಕಂಡು ನಿಂತಿದ್ದೋಳು ಯಾರು ಅಂತ ಸಾಯೋಗಂಟ ಕೇಳ್ದೆ ಕಣವ್ವ. ಬಾಯೇ ಬುಡ್ಲಿಲ್ಲ. ಅವ್ಳಿಗೂ ಒಂದು ಎಳೇ ಕೂಸು ಅದೆ, ಬುಡಕ್ಕ ಅನ್ನೋಳು. ನೀನು ಅದೇ ಊರೋಳಲ್ವಾ, ನಿಂಗೊತ್ತಾ ಯಾರು ಅಂತ?"

"ಗೊತ್ತಿಲ್ಲ ಕಣಕ್ಕ" ಎಂದೆ.

ಅವರು ಇನ್ನೊಂದು ಲೋಟ ಟೀ ಕೊಟ್ಟರು. ಕುಡಿದೆ.