ವರದಿಯಲ್ಲಿದ್ದ ಆರು ಕುರ್ಚಿಗಳು

ಗೆಳೆಯರೇ, ತರಬೇತಿ ಪಡೆದ ನಮ್ಮ ಇರುಳಿಗ ಬುಡಕಟ್ಟಿನ ಸೂಲಗಿತ್ತಿಯರು ಒಬ್ಬರಿಗೊಬ್ಬರು ಆಸರೆಯಾಗಲೆಂದು ಸಂಘ ಕಟ್ಟಿದ್ದಾರೆ. ಇವತ್ತು ಗುಬ್ಬಿ ಆಸ್ಪತ್ರೆಯಲ್ಲಿ ಮೊದಲ ಸಭೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ವರದಿ ಬರೆಯುವವನು. ತುಮಕೂರಿನಿಂದ ಬಂದ ಸಾಹೇಬರು ಕುರ್ಚಿಯಲ್ಲಿ, ಆರು ಹೆಂಗಸರು ನೆಲದ ಮೇಲೆ.

ಸಾಹೇಬರು ಬರೆಸಿದರು: "ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ ಗೌರವಿಸಲಾಯಿತು."

ಓದಿ ಹೇಳದೆ ನಮ್ಮವರು ಹೆಬ್ಬೆಟ್ಟು ಒತ್ತುವುದಿಲ್ಲ. ಬರೆದದ್ದನ್ನು ಬರೆದ ಹಾಗೇ ಓದಿದೆ.

ಕುಣಿಗಲ್ಲಿನ ಮಾದಕ್ಕ ಹೆಬ್ಬೆಟ್ಟು ಮಡಚಿಕೊಂಡಳು. "ಯಾವ ಕುರ್ಚಿಲಾ? ನಂಗೆ ಮಂಡಿ ನೋಯ್ತಾ ಐತೆ."

"ಸುಮ್ನೆ ಒತ್ತಮ್ಮ. ಹೆಬ್ಬೆಟ್ಟಿಲ್ದೆ ವರದಿ ತಗೊಂಡೋದ್ರೆ ಮೇಲಿನವರು ಬೈತಾರೆ" ಎಂದರು ಸಾಹೇಬರು.

"ಕುರ್ಚಿ ಬರ್ಲಿ ಸ್ವಾಮಿ, ಒತ್ತೀವಿ."

ಜವಾನ ಆರು ಕುರ್ಚಿ ಹೊತ್ತು ತಂದ. ಎಲ್ಲರೂ ಕೂತರು, ಆಮೇಲೆ ಒತ್ತಿದರು.

ಊಟ ಹಾಕಿಸಲಾಯಿತು ಎಂದೂ ಬರೆಸಿದ್ದರೆ ಚೆನ್ನಾಗಿತ್ತು. ಎಲ್ಲರೂ ಹಸಿದುಕೊಂಡೇ ಬಸ್ಸು ಹತ್ತಿದೆವು.