ಹಮಾಲ ಮೈಲಾರೆಪ್ಪನ ಬಲಗೈ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಮೈಲಾರೆಪ್ಪನ ಬೆನ್ನು ಬಾಗಿತ್ತೇ ಹೊರತು ಕೈ ಸೋತಿರಲಿಲ್ಲ. ಕೊನೆಗೆ ಆ ಕೈಯೇ ಮುರಿಯಿತು. ಲಾರಿಯ ಮೇಲಿಂದ ಕಾಲು ಜಾರಿ ಬಿದ್ದಾಗ ಬಲ ಮುಂಗೈಯ ಎರಡೂ ಎಲುಬು ತುಂಡಾದವು. ಹಾವೇರಿಯ ಡಾಕ್ಟರು ಎಳೆದು ಕೂಡಿಸಿ ಪಟ್ಟಿ ಹಾಕಿದರು. ಮುಂದಿನ ವಾರ ಎಕ್ಸರೇ ತೆಗೆದರೆ ಎಲುಬು ಮತ್ತೆ ಸರಿದಿದ್ದವು. ಕೊಯ್ದು, ಎರಡಕ್ಕೂ ಪ್ಲೇಟು ಕೂಡಿಸಿ ಸ್ಕ್ರೂ ಬಿಗಿಯಬೇಕಾಯಿತು.

"ಇನ್ನ ಎಲುಬು ಸರಿಯೂದಿಲ್ಲ. ನೋವಾದ್ರೂ ದಿನಾ ಅಂಗೈ ಮ್ಯಾಲೆ ಕೆಳಗ ತಿರುಗಿಸ್ರಿ. ಭಾರ ಮಾತ್ರ ಎತ್ತಬ್ಯಾಡ್ರಿ," ಎಂದರು ಡಾಕ್ಟರು.

ಆದರೆ ಮಾರುಕಟ್ಟೆಯಲ್ಲಿ ಡಾಕ್ಟರಲ್ಲದವರು ಯಾರಿದ್ದಾರೆ? ನೋಡಲು ಬಂದ ಹಮಾಲರೆಲ್ಲ ಒಂದೊಂದು ಹೇಳಿ ಚಹಾ ಕುಡಿದು ಹೋದರು. ಜೊತೆಗಾರ ಸೋಮಣ್ಣನಂತೂ, "ಅಣ್ಣಾ, ಕಬ್ಬಿಣ ಅದು. ಚೀಲಕ್ಕ ಹಾಕೋ ನಮ್ಮ ಕಬ್ಬಿಣದ ಕೊಕ್ಕೆನೂ ಜಗ್ಗಿ ಜಗ್ಗಿ ನೆಟ್ಟಗಾಗತೈತಿ, ಒಳಗಿಂದು ಬಾಗೂದಿಲ್ಲೇನು? ಅಳ್ಳಾಡಿಸಬ್ಯಾಡ," ಎಂದ.

ಮೈಲಾರೆಪ್ಪನಿಗೂ ಅದೇ ಬೇಕಾಗಿತ್ತು. ದುಡಿದು ದುಡಿದು ಸಾಕಾಗಿತ್ತು ಅವನಿಗೆ. ಹೆಂಡತಿ ಗದಿಗೆವ್ವನ ಹಳೆಯ ಸೀರೆಯ ತುಂಡಿನಲ್ಲಿ ಕೈಯನ್ನು ಎದೆಗೆ ಕಟ್ಟಿಕೊಂಡು, ಹಸುಗೂಸಿನಂತೆ ಜೋಪಾನ ಮಾಡಿದ. "ಒಂದೀಟ ತಿರುಗಸ್ರಿ, ಡಾಕ್ಟರು ಹೇಳ್ಯಾರ," ಎಂದು ಅವಳು ಅಂದರೆ ಸಿಡುಕುತ್ತಿದ್ದ. ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದವಳಿಗೆ ಜಗಳವಾಡಲೂ ತ್ರಾಣವಿರುತ್ತಿರಲಿಲ್ಲ. ಹಾವೇರಿಗೆ ತೋರಿಸಲು ಹೋಗುವುದು ಇವತ್ತು ನಾಳೆ ಎನ್ನುತ್ತ ಮುಂದೆ ಬಿತ್ತು.

ಕೊನೆಗೆ ಮೂರು ತಿಂಗಳ ಮೇಲೆ ಹೋದಾಗ ಎಲುಬು ಚೆನ್ನಾಗಿಯೇ ಕೂಡಿತ್ತು. ಅಂಗೈ ಮಾತ್ರ ಅರ್ಧಕ್ಕೂ ತಿರುಗಲಿಲ್ಲ.

"ಕೈ ಲಗೂ ಆಡಸಲಿ ಅಂತನ ಪ್ಲೇಟ್ ಹಾಕಿದ್ದು, ಕಟ್ಟಿ ಇಡಾಕಲ್ಲ," ಎಂದರು ಡಾಕ್ಟರು, ಬೈಯಲೂ ಬೇಸರವಾದವರ ಹಾಗೆ.

ಅಂದಿನಿಂದ ಬಿಸಿನೀರಿನಲ್ಲಿ ಕೈ ಇಟ್ಟು, ಹಲ್ಲು ಕಚ್ಚಿ ತಿರುಗಿಸಿದ. ಸುಗ್ಗಿ ಬಂತು, ಅಂಗೈ ಮೇಲಕ್ಕೆ ಹೊರಳಲಿಲ್ಲ. ರೊಟ್ಟಿಯ ತುತ್ತು ಬಾಯಿಗೆ ಬಾರದೆ ಕುತ್ತಿಗೆಯನ್ನೇ ಬಗ್ಗಿಸಬೇಕಾಗಿತ್ತು. ಚೀಲದ ಅಡಿಗೆ ಕೈ ಕೊಡುವ ಮಾತಂತೂ ಮುಗಿದೇ ಹೋಗಿತ್ತು. ತನ್ನ ಕೈಯನ್ನು ತಾನೇ ಕಟ್ಟಿ ಕೆಡಿಸಿಕೊಂಡೆನಲ್ಲ ಎಂದು ಹಳಹಳಿಸುತ್ತಿದ್ದ.

ಒಂದು ಬೆಳಿಗ್ಗೆ ಅವನು ಹಮಾಲರ ಗುಂಪು ದಾಟಿ, ಗದಿಗೆವ್ವ ದುಡಿಯುವ ಅಂಗಡಿಗೆ ಹೋಗಿ, ತೊಟ್ಟು ಬಿಡಿಸುವ ಹೆಂಗಸರ ಬಳಿ ನಿಂತ. ಆ ಅಂಗಡಿಯಲ್ಲಿ ಗಂಡಸರು ಆ ಕೆಲಸಕ್ಕೆ ಕುಳಿತದ್ದೇ ಇಲ್ಲ. ಗದಿಗೆವ್ವ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಕುಂದ್ರಿ," ಎಂದಳು. "ಎಡಗೈಯಾಗ ಕಾಯಿ ಹಿಡೀರಿ, ಬಲಗೈಲೆ ಚೂಟ್ರಿ."

ಕುಳಿತ. ಹೊರಗೆ ಲಾರಿಯ ಹತ್ತಿರ ಯಾರೋ, "ಏ, ಚೀಲಕ್ಕ ಒಬ್ಬಾಂವ ಬರ್ರಿ!" ಎಂದು ಕೂಗಿದರು. ಮೈಲಾರೆಪ್ಪ ರೂಢಿಯಂತೆ ಅರ್ಧ ಎದ್ದ. ಆಮೇಲೆ ಮತ್ತೆ ಕುಳಿತ.