ಮಗಳಿಗೆ ಇಂಗ್ಲಿಷ್ ಕಲಿಸಿದ ಫೋರ್ಮನ್

ಮಗಳಿಗೆ ಇಂಗ್ಲಿಷ್ ಮಾತಾಡಲು ಕಲಿಸುವುದಕ್ಕೆ ಇಂಗ್ಲೆಂಡಿನವರನ್ನೇ ಹಿಡಿಯಬೇಕು ಎಂಬುದು ನನ್ನ ಗಂಡನ ಬುದ್ಧಿ. ಅವಳು ಆಗ ಇಲ್ಲಿ, ಒಮಾನಿನ ಸೊಹಾರಿನ ಇಂಡಿಯನ್ ಶಾಲೆಯಲ್ಲಿ ಹನ್ನೆರಡನೇ ತರಗತಿ. ಬ್ರಿಟನ್ನಿನ ಒಂದು ಹಳೆಯ, ದೊಡ್ಡ ಹೆಸರಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಬೇಕೆಂದು ಅರ್ಜಿ ಹಾಕಿದ್ದಳು. ಅಂಕಗಳಿಗೇನೂ ಕೊರತೆ ಇರಲಿಲ್ಲ. ಆದರೆ ಅಲ್ಲಿಯವರು ಕಂಪ್ಯೂಟರಿನ ಎದುರು ಕೂರಿಸಿ ಸಂದರ್ಶನ ಮಾಡುತ್ತಾರೆ, ಮಾತಾಡಿಸಿ ನೋಡುತ್ತಾರೆ ಎಂದು ಗೊತ್ತಾದ ದಿನದಿಂದ ಇವರಿಗೆ ನಿದ್ದೆ ಹಾರಿಹೋಯಿತು.

"ನಮ್ಮ ಇಲ್ಲಿನ ಇಂಗ್ಲಿಷ್ ಅಲ್ಲಿ ನಡಿಲಿಕ್ಕಿಲ್ಲ ಮಾರಾಯ್ತಿ. ನಿನ್ನ ಆಫೀಸಲ್ಲಿ ಬಿಳಿಯವರು ಇದ್ದಾರಲ್ಲ, ಯಾರತ್ರ ಆದ್ರೂ ಕೇಳಿ ನೋಡು," ಅಂದರು.

ನಾನು ಬಂದರಿನ ಒಂದು ಗುತ್ತಿಗೆ ಕಂಪನಿಯಲ್ಲಿ ವಾಹನ ವಿಭಾಗ ನೋಡಿಕೊಳ್ಳುತ್ತೇನೆ. ಯಾರಿಗೆ ಕಾರು, ಯಾರಿಗೆ ವ್ಯಾನು, ಯಾರಿಗೆ ಬಸ್ಸು ಎಂದು ಗೊತ್ತುಮಾಡುವವಳು ನಾನೇ. ಈ ಊರಿನಲ್ಲಿ ಒಬ್ಬ ಮನುಷ್ಯನ ಅಂತಸ್ತು ತಿಳಿಯಲು ಅವನ ಮುಖ ನೋಡಬೇಕಾಗಿಲ್ಲ, ಬೆಳಿಗ್ಗೆ ಯಾವುದರಿಂದ ಇಳಿಯುತ್ತಾನೆ ಎಂದು ನೋಡಿದರೆ ಸಾಕು. ಎ.ಸಿ. ಕೆಟ್ಟರೆ ಮೊದಲು ಮ್ಯಾನೇಜರರ ಕಾರು ರಿಪೇರಿಯಾಗುತ್ತದೆ, ಕೆಲಸಗಾರರ ಬಸ್ಸು ಕೊನೆಗೆ. ಜುಲೈ ತಿಂಗಳಲ್ಲಿ ಆ ಬಸ್ಸಿನಿಂದ ಇಳಿಯುವವರ ಅಂಗಿಗಳನ್ನು ನೋಡಲಿಕ್ಕಾಗುವುದಿಲ್ಲ. ನಾನು ನೋಡುತ್ತೇನೆ, ಸಹಿ ಹಾಕುತ್ತೇನೆ, ಸಂಬಳ ತೆಗೆದುಕೊಳ್ಳುತ್ತೇನೆ.

ಆಗ ನಮ್ಮಲ್ಲಿ ಬ್ರಿಟಿಷರು ಇಬ್ಬರಿದ್ದರು. ಒಬ್ಬರು ಮ್ಯಾನೇಜರ್. ಇನ್ನೊಬ್ಬರು ರಿಪೇರಿ ವಿಭಾಗದ ಫೋರ್ಮನ್, ಅರುವತ್ತರ ಹತ್ತಿರದವರು, ಕೆಂಪು ಮೂಗು, ಬೆರಳುಗಳು ಬಾಳೆಕಾಯಿಯಷ್ಟು ದಪ್ಪ. ನಮ್ಮ ಕಣ್ಣಿಗೆ ಇಬ್ಬರೂ ಒಂದೇ. ಬಿಳಿ ಅಂದರೆ ಬಿಳಿ, ಅದರಲ್ಲಿ ಮೇಲು ಕೀಳು ಎಂಥದ್ದು ಎಂದೇ ನಾವು ಅಂದುಕೊಂಡಿದ್ದೆವು. ಮ್ಯಾನೇಜರರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಫೋರ್ಮನ್ ದಿನವೂ ಪಿಕಪ್ಪಿನ ಕೀಲಿಕೈಗೆ ನನ್ನ ಮೇಜಿನ ಹತ್ತಿರ ಬರುತ್ತಿದ್ದರು, ತಮಾಷೆ ಮಾಡುತ್ತಿದ್ದರು. ಅವರನ್ನೇ ಕೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. "ನಾನಾ? ಅಂಥ ಕಡೆ ಹೋಗಲಿಕ್ಕೆ ನನ್ನ ಹತ್ತಿರ ಮಾತು ಕಲಿಯುವುದಾ?" ಎಂದು ಜೋರಾಗಿ ನಕ್ಕರು. ಸಂಕೋಚಕ್ಕೆ ಹಾಗೆ ಹೇಳುತ್ತಾರೆ ಎಂದುಕೊಂಡು ನಾನು ಬಿಡಲಿಲ್ಲ. "ನೀವು ಇಂಗ್ಲೆಂಡಿನವರೇ ಅಲ್ಲವಾ ಸರ್?" ಅಂದೆ. "ಸರ್ ಅನ್ನಬೇಡಿ," ಅಂದರು. ಕೊನೆಗೆ ಒಪ್ಪಿದರು. ಒಂಟಿ ಜೀವ, ಸಂಜೆ ಹೊತ್ತು ಹೋಗುವುದಿಲ್ಲ ಎಂಬುದೂ ಒಂದು ಕಾರಣವಿರಬೇಕು.

ಮೊದಲ ದಿನ ನಾನು ಆರು ಗಂಟೆಗೆ ಟೀಗೆ ಬನ್ನಿ ಅಂದಿದ್ದೆ. ಬಂದರು. ಚಹಾ ಕೊಟ್ಟೆ, ಚಕ್ಕುಲಿ ಇಟ್ಟೆ. ಚಕ್ಕುಲಿ ಪೂರ್ತಿ ಖಾಲಿಯಾಯಿತು, ಆದರೂ ಅವರು ಏನನ್ನೋ ಕಾಯುವವರ ಹಾಗೆ ಅಡುಗೆಮನೆಯ ಕಡೆ ನೋಡುತ್ತಿದ್ದರು. ಆಮೇಲೆ ಗೊತ್ತಾಯಿತು, ಅವರ ಮನೆಯಲ್ಲಿ ಟೀ ಅಂದರೆ ಸಂಜೆಯ ಊಟವೇ ಅಂತೆ. ಮಧ್ಯಾಹ್ನದಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದರು! ನನಗೆ ನಾಚಿಕೆಯಾಗಿ ಗಡಿಬಿಡಿಯಲ್ಲಿ ನೀರುದೋಸೆ ಹೊಯ್ದೆ, ಮಧ್ಯಾಹ್ನದ ಕೋಳಿ ಸಾರು ಬಿಸಿ ಮಾಡಿದೆ. ಅವರು ಎಣಿಸದೆ ತಿಂದರು. "ಮ್ಯಾನೇಜರರ ಮನೆಯಲ್ಲಿ ಈ ಊಟಕ್ಕೆ ಬೇರೆ ಹೆಸರು, ಬೇರೆ ಹೊತ್ತು. ಊಟವನ್ನು ಏನೆಂದು ಕರೆಯುತ್ತಾನೆ ಅಂತ ಕೇಳಿದರೆ ಸಾಕು, ನಮ್ಮವರಿಗೆ ಅವನ ಅಪ್ಪ ಯಾರು ಅಂತ ಗೊತ್ತಾಗುತ್ತದೆ," ಅಂದರು. ಇವರು ಅದನ್ನು ಜೋಕು ಎಂದುಕೊಂಡು ನಕ್ಕರು.

ಆಮೇಲೆ ವಾರಕ್ಕೆರಡು ಸಂಜೆ ಬರತೊಡಗಿದರು. ಕಾನೂನಿನ ವಿಷಯ ಅವರಿಗೆ ನಮ್ಮಷ್ಟೇ ಗೊತ್ತು. ಪೇಪರಿನಲ್ಲಿ ಬಂದದ್ದನ್ನು ಅವಳು ಗಟ್ಟಿಯಾಗಿ ಓದಬೇಕು, ಅವರು ಯಾಕೆ, ಹೇಗೆ ಹೇಳುತ್ತೀ ಎಂದು ಬೆನ್ನು ಬೀಳಬೇಕು, ಅವಳು ಜಗಳಕ್ಕೆ ನಿಲ್ಲಬೇಕು. ಮುಖ ಕೆಳಗೆ ಹಾಕಿಕೊಂಡು ಗೊಣಗುತ್ತಿದ್ದ ಹುಡುಗಿ ಎದುರು ಮಾತಾಡಲು ಕಲಿತಳು. ಬಾಯಿತುಂಬ ನಗುತ್ತಿದ್ದಳು. ಅವರ ಉಚ್ಚಾರವೂ ಅವಳಿಗೆ ಹಿಡಿಯಿತು. ಬಸ್ಸಿಗೆ ಬುಸ್, ಕಪ್ಪಿಗೆ ಕುಪ್, ಹಕಾರ ಇದ್ದಲ್ಲಿ ಅದು ಮಾಯ. "ಒರಿಜಿನಲ್ ಬ್ರಿಟಿಷ್ ಅಂದ್ರೆ ಹಾಗೆ," ಎಂದು ಇವರು ಫ್ಲಾಟಿನ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು. ಮೂರು ವರ್ಷದ ಮಗುವಾಗಿದ್ದಾಗಲೇ ಅವಳ ಹತ್ತಿರ ತುಳು ಆಡಬಾರದೆಂದು ಮನೆಯಲ್ಲಿ ಕಾನೂನು ಮಾಡಿದ ಮನುಷ್ಯ, ಅದರ ಫಲ ಈಗ ಸಿಕ್ಕಿತು ಎಂಬ ಖುಷಿಯಲ್ಲಿದ್ದರು.

ಡಿಸೆಂಬರಿನಲ್ಲಿ ಸಂದರ್ಶನ. ಅದಕ್ಕೆ ತುಸು ಮುಂಚೆ ಕಂಪನಿಯ ಕುಟುಂಬ ಕೂಟ ಬಂತು, ಸಮುದ್ರದ ಬದಿಯ ಹೋಟೆಲಿನ ಹುಲ್ಲುಹಾಸಿನ ಮೇಲೆ. ಮ್ಯಾನೇಜರರೂ ಅವರ ಹೆಂಡತಿಯೂ ಮೇಜಿಂದ ಮೇಜಿಗೆ ಬಂದು ಎಲ್ಲರನ್ನೂ ಮಾತಾಡಿಸುತ್ತಿದ್ದರು. ಆಕೆ ಮೃದುವಾಗಿ, ಒಂದೊಂದು ಮಾತನ್ನೂ ಇಸ್ತ್ರಿ ಹಾಕಿದ ಹಾಗೆ ಆಡುವ ಹೆಂಗಸು. ನಮ್ಮ ಮೇಜಿಗೆ ಬಂದಾಗ ಇವರು ಮಗಳನ್ನು ಮುಂದೆ ತಳ್ಳಿದರು. ಅವಳು ಧೈರ್ಯವಾಗಿ ಮಾತಾಡಿದಳು. ಆಕೆಯ ಹುಬ್ಬು ಮೇಲೇರಿತು, ಬಾಯಿಗೆ ಕೈ ಅಡ್ಡ ಬಂತು.

"ಅಯ್ಯೋ ದೇವರೇ, ಇದನ್ನೆಲ್ಲಿ ಕಲಿತೆ ಕಂದಾ?" ಅಂದಳು. ಗಂಡನನ್ನು ತೋಳು ಹಿಡಿದು ಎಳೆದಳು. "ಕೇಳಿ ಇಲ್ಲಿ, ಥೇಟ್ ಊರಲ್ಲಿ ನಮ್ಮ ಮನೆಗೆ ಬರುವ ನಲ್ಲಿ ರಿಪೇರಿಯವನು! ಇನ್ನೊಂದು ಸಲ ಹೇಳು ಚಿನ್ನ."

ಮಗಳು ಇನ್ನೊಂದು ಸಲ ಹೇಳಿದಳು. ಮೆಚ್ಚಿಕೊಂಡಿದ್ದಾರೆ ಎಂದೇ ತಿಳಿದಿದ್ದಳು. ಮ್ಯಾನೇಜರ್ ನಕ್ಕರು. ಅವರು ನಕ್ಕದ್ದಕ್ಕೆ ಎಂಜಿನಿಯರುಗಳು ನಕ್ಕರು, ಎಂಜಿನಿಯರುಗಳು ನಕ್ಕದ್ದಕ್ಕೆ ನನ್ನ ಗಂಡ ನಕ್ಕರು. ಮಗಳ ಮುಖದಲ್ಲಿದ್ದ ನಗೆ ಹೇಗೆ ನಿಧಾನಕ್ಕೆ ಇಳಿಯಿತೆಂದು ನೋಡಿದವಳು ನಾನು. ಪಕ್ಕದ ಮೇಜಿನಲ್ಲಿ ಫೋರ್ಮನ್ ತಟ್ಟೆ ಹಿಡಿದುಕೊಂಡು ಕೂತಿದ್ದರು. ಅವರು ತಲೆ ಎತ್ತಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಬಂದಷ್ಟು ಸಿಟ್ಟು ಆವರೆಗೆ ಯಾರ ಮೇಲೂ ಬಂದಿರಲಿಲ್ಲ. ಆದರೂ ಹಲ್ಲು ಕಿರಿದು ನಿಂತಿದ್ದೆ. ಹೋಗುವಾಗ ಆಕೆ ನನ್ನ ಕೈ ಮುಟ್ಟಿ, "ನನ್ನ ಹತ್ತಿರ ಕಳಿಸಿ. ಹೀಗೇ ಮಾತಾಡಿದರೆ ಅಲ್ಲಿ ಮಗುವಿಗೆ ಕಷ್ಟ," ಅಂದಳು. ಅಪಹಾಸ್ಯವಲ್ಲ, ನಿಜವಾದ ಕಾಳಜಿಯಿಂದಲೇ ಅಂದಳು.

ಮರುದಿನ ಇದನ್ನು ಫೋರ್ಮನ್‌ಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದರೆ ಅವರೇ ಬಂದು ಕುರ್ಚಿ ಎಳೆದು ಕೂತರು.

"ಮೇಡಂ ಹತ್ತಿರ ಕಳಿಸಿ. ಆಕೆ ಹೇಳಿದ್ದು ಸರಿ. ನಾನೇ ಮೊದಲು ಹೇಳಬೇಕಿತ್ತು. ನಿಮ್ಮ ಮನೆಯ ಊಟಕ್ಕೆ ಆಸೆ ಬಿದ್ದೆ."

ನಾನು ಏನೋ ಸಮಾಧಾನ ಹೇಳಹೊರಟೆ. ಅವರು ಕೈ ಎತ್ತಿ ತಡೆದರು. ಅವರ ಅಪ್ಪ ಕಲ್ಲಿದ್ದಲ ಗಣಿಯಲ್ಲಿದ್ದರಂತೆ, ಅಮ್ಮ ಬೇರೆಯವರ ಮನೆಯ ನೆಲ ಒರೆಸುತ್ತಿದ್ದರಂತೆ. "ಇಲ್ಲಿ ನನ್ನ ಬಿಳಿ ಚರ್ಮ ಕೆಲಸಕ್ಕೆ ಬರುತ್ತದೆ. ನಿಮ್ಮ ಜನ ಇದೇ ಕೆಲಸಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ, ನಾನೆಷ್ಟು ತೆಗೆದುಕೊಳ್ಳುತ್ತೇನೆ ಅಂತ ನನಗೆ ಗೊತ್ತು. ಅಲ್ಲಿ ಎಲ್ಲರದ್ದೂ ಬಿಳಿಯೇ. ಹಾಗಾಗಿ ಬಾಯಿ ತೆರೆಯುವುದನ್ನು ಕಾಯುತ್ತಾರೆ." ಆಮೇಲೆ ತಮ್ಮ ಮಗಳ ವಿಷಯ ಹೇಳಿದರು. ಚೆನ್ನಾಗಿ ಓದಿ ಲಂಡನ್ನಿನಲ್ಲಿ ವಕೀಲೆಯಾಗಿದ್ದಾಳೆ. ಅಲ್ಲಿ ಮದುವೆಯೂಟದ ಹೊತ್ತಿಗೆ ಹುಡುಗಿಯ ಅಪ್ಪ ಎದ್ದು ನಿಂತು ನಾಲ್ಕು ಮಾತಾಡುವ ಪದ್ಧತಿಯಂತೆ. ಅವಳ ಮದುವೆಯಲ್ಲಿ ಅಪ್ಪ ಎದುರಿಗೇ ಕೂತಿದ್ದರೂ ಆ ಮಾತುಗಳನ್ನು ಹುಡುಗನ ಚಿಕ್ಕಪ್ಪ ಆಡಿದರಂತೆ.

"ನಿಮಗೆ ಸಿಟ್ಟು ಬರಲಿಲ್ಲವಾ?" ಎಂದು ಕೇಳಿದೆ.

"ಅವಳನ್ನು ಅಲ್ಲಿಗೆ ಕಳಿಸಿದ್ದು ನಾನೇ ಅಲ್ಲವಾ?" ಅಂದರು. ಕೀಲಿಕೈ ತೆಗೆದುಕೊಂಡು ಹೋದರು. ನಾನು ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಮಗಳು ಎರಡು ವಾರ ಮೇಡಂ ಮನೆಗೆ ಹೋದಳು. ಸಂದರ್ಶನ ಮುಗಿಯಿತು, ಸೀಟು ಸಿಕ್ಕಿತು. ಎದುರು ಮಾತಾಡಲು ಕಲಿಸಿದ್ದಕ್ಕೆ ಸಿಕ್ಕಿತೋ, ಬಸ್ಸನ್ನು ಬಸ್ಸೆಂದದ್ದಕ್ಕೆ ಸಿಕ್ಕಿತೋ ಹೇಳುವವರು ಯಾರು? ಇವರು ಒಂದು ದೊಡ್ಡ ಡಬ್ಬಿ ಹಲ್ವಾ ಮೇಡಂ ಮನೆಗೆ ಮುಟ್ಟಿಸಿ ಬಂದರು. ಫೋರ್ಮನ್‌ಗೆ ನಾನು ಆಫೀಸಿನಲ್ಲೇ ಕೊಟ್ಟೆ. ಅವರು ನನ್ನೆರಡೂ ಕೈ ಹಿಡಿದು ಕುಲುಕಿದರು, ಕಣ್ಣಲ್ಲಿ ನೀರು. ಆ ವರ್ಷ ರಿಪೇರಿ ವಿಭಾಗದ ಮುಖ್ಯಸ್ಥನ ಕುರ್ಚಿ ಖಾಲಿಯಿತ್ತು, ಕೆಲಸವನ್ನೆಲ್ಲ ಅವರೇ ಮಾಡುತ್ತಿದ್ದರು. ಕುರ್ಚಿಗೆ ಇಂಗ್ಲೆಂಡಿನಿಂದ ಮ್ಯಾನೇಜರರ ಹಾಗೆಯೇ ಮಾತಾಡುವ ಒಬ್ಬ ಯುವಕ ಬಂದ. ಅವನಿಗೆ ಕಾರು ಗೊತ್ತುಮಾಡುವ ಕಾಗದಕ್ಕೂ ನಾನೇ ಸಹಿ ಹಾಕಿದೆ. ಫೋರ್ಮನ್ ಅವನಿಗೆ ಕೆಲಸ ಕಲಿಸಿಕೊಟ್ಟು, "ಖಲಾಸ್," ಎಂದು ಎಲ್ಲರ ಬೆನ್ನು ತಟ್ಟಿ, ತಮ್ಮ ಊರಿಗೆ ವಾಪಸು ಹೋದರು.

ಇದು ಕಳೆದು ಮೂರು ವರ್ಷ ದಾಟಿತು. ಈ ಬೇಸಿಗೆಯಲ್ಲಿ ಅವಳಿಗೆ ಪದವಿ ಸಿಗುತ್ತದೆ. ನಮ್ಮ ವೀಸಾ ಆಗಿದೆ, ಇವರು ಹೊಸ ಕೋಟು ಹೊಲಿಸಿಕೊಂಡಿದ್ದಾರೆ. ಹೋದ ಶುಕ್ರವಾರ ಅವಳ ಫೋನು ಬಂತು. ಎಂದಿನಂತೆ ಸ್ಪೀಕರ್ ಹಾಕಿ ಇಬ್ಬರೂ ಸೋಫಾದಲ್ಲಿ ಕೂತೆವು. ಅವಳ ಇಂಗ್ಲಿಷ್ ಈಗ ಆ ಮೇಡಂ ಇಂಗ್ಲಿಷೇ. ನನಗೆ ಕೆಲವು ಸಲ ಮೇಡಮ್ಮೇ ಫೋನು ಮಾಡಿದಂತಾಗುತ್ತದೆ. ಆದರೆ ನಮ್ಮ ಹತ್ತಿರ ಮಧ್ಯೆ ಮಧ್ಯೆ ಕನ್ನಡ ಆಡುತ್ತಾಳೆ.

"ಅಮ್ಮಾ, ನಿನ್ನ ಆ ಫೋರ್ಮನ್ ಅಂಕಲ್ ಬಂದಿದ್ರು ಇಲ್ಲಿಗೆ. ಹೇಳದೆ ಕೇಳದೆ," ಅಂದಳು.

ತಮ್ಮ ತೋಟದ ತರಕಾರಿಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು, ಎರಡು ರೈಲು ಬದಲಿಸಿ ಹೋಗಿದ್ದರಂತೆ. ಕಾಲೇಜಿನ ಬಾಗಿಲಲ್ಲಿ ಅವಳು ಗೆಳತಿಯರೊಂದಿಗೆ ನಿಂತಿದ್ದಳು. ಅವರು ದೂರದಿಂದಲೇ ಕೂಗಿ ಕರೆದರಂತೆ.

ನನಗೆ ಸಂತೋಷವಾಯಿತು. "ಒಳಗೆ ಕರ್ಕೊಂಡು ಹೋದ್ಯಾ? ಎಂತ ತಿನ್ಲಿಕ್ಕೆ ಕೊಟ್ಟಿ?"

"ಕ್ಲಾಸ್ ಉಂಟು ಅಂತ ಹೇಳ್ದೆ ಅಮ್ಮಾ. ಎಲ್ಲರೂ ನೋಡ್ತಿದ್ರು. ಯಾರದು ಅಂತ ಕೇಳಿದ್ರು. ಅಪ್ಪನ ಕೈಕೆಳಗೆ ಕೆಲಸಕ್ಕೆ ಇದ್ದವರು ಅಂತ ಹೇಳ್ದೆ."

"ಅವರ ಎದುರಿಗೇ?"

"ಹೌದು. ಅವರು ಹೌದು ಅಂತ ತಲೆ ಆಡಿಸಿದ್ರು. ಅವರಿಗೆ ಬೇಜಾರಾಗ್ಲಿಲ್ಲ ಅಮ್ಮಾ, ಐ ಪ್ರಾಮಿಸ್."

ನನ್ನ ಮೈ ಉರಿಯಿತು. "ನಿನ್ನಪ್ಪ ಸ್ಟೋರಿನಲ್ಲಿ ಬೋಲ್ಟು ನಟ್ಟು ಎಣಿಸಿ ಕೊಡುವವರು. ಅವರ ಕೈಕೆಳಗೆ ಯಾರಿದ್ದಾರೆ? ನಾಚಿಕೆ ಆಗುದಿಲ್ಲವಾ ನಿಂಗೆ? ಆ ಮನುಷ್ಯನಿಂದ ಬಾಯಿ ಬಂತು ನಿಂಗೆ!" ಎಂದು ಕೂಗಿದೆ. ಇವರು ನನ್ನ ಮೊಣಕಾಲು ಅದುಮಿದರು.

ಆಮೇಲೆ ಅವಳು ಮೆಲ್ಲಗೆ, ಅಳು ಬರುವ ಸ್ವರದಲ್ಲಿ ಹೇಳಿದಳು.

"ಅಮ್ಮಾ, ನಾನು ಇಲ್ಲಿ ಎಲ್ಲರತ್ರ ಅಪ್ಪ ಕಂಪನಿಯ ಡೈರೆಕ್ಟರ್ ಅಂತ ಹೇಳಿ ಆಗಿದೆ. ಮೊದಲ ವಾರವೇ ಹೇಳಿದ್ದು. ಎಲ್ಲರೂ ಅವರವರ ಅಪ್ಪಂದಿರ ವಿಷಯ ಮಾತಾಡ್ತಿದ್ರು, ನಂಗೆ ಗೊತ್ತಾಗ್ಲಿಲ್ಲ ಎಂತ ಮಾಡುದು ಅಂತ. ಈಗ ಪದವಿಯ ದಿನ ಫ್ರೆಂಡ್‌ನ ಮನೆಯವರು ನಮ್ಮನ್ನು ಊಟಕ್ಕೆ ಕರ್ದಿದ್ದಾರೆ. ನೀವು ಬನ್ನಿ, ಬರಬೇಡಿ ಅಂತ ನಾನು ಹೇಳ್ತಾ ಇಲ್ಲ. ಆದರೆ ಅಪ್ಪ..."

ನಾನು ಇವರ ಕಡೆ ತಿರುಗಿದೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ಕಾದೆ. ಇವರು ಕನ್ನಡಕ ತೆಗೆದು ಲುಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಫೋನಿನ ಹತ್ತಿರಕ್ಕೆ ಬಾಗಿದರು.

"ಅದಕ್ಕೆಂತ ಮಗಾ, ನೀನು ಅಳಬೇಡ," ಅಂದರು. "ಅವರು ಎಂತ ಕೇಳ್ತಾರೆ, ನಾನು ಎಂತ ಹೇಳ್ಬೇಕು ಅಂತ ಬರ್ದು ಕಳಿಸು. ನಾನು ಬಾಯಿಪಾಠ ಮಾಡ್ತೇನೆ."

ಅವಳು ಮರುದಿನವೇ ಕಳಿಸಿದಳು. ಈಗ ಒಳಗಿನ ಕೋಣೆಯಲ್ಲಿ ಇವರು ಬಾಗಿಲು ಹಾಕಿಕೊಂಡು ಅದನ್ನು ಓದುತ್ತಿದ್ದಾರೆ, ತಪ್ಪಿದಲ್ಲಿ ನಿಲ್ಲಿಸಿ ಮತ್ತೆ ಮೊದಲಿಂದ.